ಮೂವತ್ತೆಂಟರ ತನಕ ಕೈ ಹಿಂದೆ

ಸಮಯ: ರಾತ್ರಿ ಹತ್ತು ಗಂಟೆ ನಲವತ್ತು ನಿಮಿಷ. ಹವೆ: ಮೋಡ ಕವಿದಿತ್ತು, ಗಾಳಿ ಇರಲಿಲ್ಲ, ಮಳೆಯೂ ಇರಲಿಲ್ಲ. ಹಾಜರಿದ್ದವರು: ನನ್ನ ಚಿಕ್ಕಪ್ಪನ ಮಗ, ಒಬ್ಬನೇ. ಇಬ್ಬರಿದ್ದೆವು ಎಂದು ಅವನು ಇವತ್ತಿಗೂ ಹೇಳುತ್ತಾನೆ. ಆ ವಿಷಯಕ್ಕೆ ಕ್ರಮವಾಗಿ ಬರುತ್ತೇನೆ. ನಡುವೆ ಯಾರೂ ಬಾಯಿ ಹಾಕಬಾರದು.

ಅವನು ವೃತ್ತಿಯಲ್ಲಿ ಟರ್ನರ್, ಅಂದರೆ ಲೇತ್ ಯಂತ್ರದ ಮೇಲೆ ಕಬ್ಬಿಣ ಕಡೆಯುವವನು. ಆಳು ಬಹಳ ತೆಳ್ಳಗೆ. ಅಂಗುಲದ ಎಂಟನೇ ಒಂದು ಪಾಲಿಗೆ ನಮ್ಮಲ್ಲಿ ನೂಲು ಎನ್ನುತ್ತಿದ್ದರು. ಅವನನ್ನು ಇಡೀ ಕಾರ್ಖಾನೆ ‘ಅರ್ಧ ನೂಲು’ ಎಂದು ಕರೆಯುತ್ತಿತ್ತು. ಅದೇ ಕಾರ್ಖಾನೆಯಲ್ಲಿ ನಾನು ಮೇಸ್ತ್ರಿ. ಮನೆಯಲ್ಲಿ ಅವನಿಗೆ ನಾನು ಅಣ್ಣ. ಗೇಟಿನ ಒಳಗೆ ಅಣ್ಣ ತಮ್ಮ ಎಂಬುದಿಲ್ಲ.

ಅದು ಶುಕ್ರವಾರ. ಅಕ್ಕನ ಮನೆಯಲ್ಲಿ ಊಟ ಮುಗಿಸಿ ಅವನು ನಡೆದು ಬರುತ್ತಿದ್ದ. ದಾರಿ ನಮ್ಮ ಕಾರ್ಖಾನೆಯ ಹಿಂಗೋಡೆಗೆ ಒತ್ತಿಕೊಂಡು ಹೋಗುತ್ತದೆ. ಅಲ್ಲೊಂದು ಹಾಳುಬಾವಿ. ಬಾವಿಗೆ ಕಬ್ಬಿಣದ ಮುಚ್ಚಳ. ಮುಚ್ಚಳದ ಪಕ್ಕಕ್ಕೆ ಬಂದಾಗ ಅವನಿಗೆ ಕಾರ್ಖಾನೆಯ ಒಳಗಿನಿಂದ ಸದ್ದು ಕೇಳಿಸಿತು.

ಘೂಂ... ಎಂದು ಮೋಟಾರಿನ ಸದ್ದು. ಅದರ ಅಡಿಯಲ್ಲಿ ಕಿರ್, ಕಿರ್, ಕಿರ್ ಎಂದು ಗೇರಿನದು. ನಾಲ್ಕನೇ ಲೇತ್. ಟರ್ನರ್ ಆದವನಿಗೆ ಅದು ಹೆಂಡತಿಯ ಕೆಮ್ಮಿನಷ್ಟೇ ಪರಿಚಿತ.

ಕಾರ್ಖಾನೆಗೆ ಬೀಗ ಹಾಕಿತ್ತು. ಕಿಟಕಿಗಳು ಕತ್ತಲು.

ಟಕ್... ಯಾರೋ ಸ್ವಿಚ್ ಆರಿಸಿದರು.

ಘೂಂ ಎನ್ನುವುದು ಇಳಿಯಿತು. ಊಂ... ಉಂ... ಅವನು ತನಗೆ ಗೊತ್ತಿಲ್ಲದೆಯೇ ಎಣಿಸತೊಡಗಿದ. ಒಂದು. ಎರಡು. ಮೂರು. ಒಂಬತ್ತಕ್ಕೆ ಬಂದಾಗ... ಚಪ್. ಉಕ್ಕಿನ ಮೇಲೆ ಅಂಗೈ ಬಿದ್ದ ಸದ್ದು. ಅದರ ಹಿಂದೆಯೇ ಸ್ರ್ರ್ರ್... ಚರ್ಮ ಉಜ್ಜಿದ ಸದ್ದು. ಆಮೇಲೆ ಏನೂ ಇಲ್ಲ.

ಅವನ ಬೆನ್ನ ಹಿಂದೆ, ಬಾವಿಯ ಕಡೆಯಿಂದ, ಯಾರೋ ಮೆಲ್ಲಗೆ ಕೇಳಿದರು.

“ಎಷ್ಟಾಯ್ತು?”

“ಒಂಬತ್ತು,” ಎಂದ ಇವನು. ಅಭ್ಯಾಸಬಲ. ಅಂದ ಮೇಲೆಯೇ ತಿರುಗಿ ನೋಡಿದ್ದು.

ಮುಚ್ಚಳವಿತ್ತು. ಗೋಡೆಯಿತ್ತು. ಮನುಷ್ಯರಿರಲಿಲ್ಲ.

ಹತ್ತು ಐವತ್ತೈದಕ್ಕೆ ನನ್ನ ಮನೆಯ ಬಾಗಿಲು ಬಡಿದ. ಒಂದು ಕಾಲಿನ ಚಪ್ಪಲಿ ಇರಲಿಲ್ಲ. ನೀರು ಕೊಟ್ಟೆ.

“ಏನೋ ಇದು? ಎಲ್ಲಿ ಇನ್ನೊಂದು?”

“ಅಣ್ಣಾ... ಅವನು ಕೇಳ್ದ.”

“ಯಾವನು?”

“ನಿಮ್ಮ ಪ್ರಶ್ನೆ ಕೇಳ್ದ ಅಣ್ಣಾ. ನೀವು ಕೇಳ್ತಿದ್ರಲ್ಲ... ಅದೇ.”

ಈಗ ಆ ಪ್ರಶ್ನೆ ಏನೆಂದು ಹೇಳಬೇಕು. ಗಮನವಿಟ್ಟು ಕೇಳಿ, ಎರಡನೇ ಸಲ ಹೇಳುವುದಿಲ್ಲ.

ಲೇತಿನ ಮುಂಭಾಗದಲ್ಲಿ ಚಕ್ಕು ಎಂಬ ಭಾರವಾದ ಉಕ್ಕಿನ ಗಾಲಿ ತಿರುಗುತ್ತದೆ. ಕಡೆಯಬೇಕಾದ ತುಂಡನ್ನು ಅದು ನಾಲ್ಕು ದವಡೆಗಳಲ್ಲಿ ಕಚ್ಚಿ ಹಿಡಿಯುತ್ತದೆ. ಸ್ವಿಚ್ ಆರಿಸಿದ ಕೂಡಲೇ ಅದು ನಿಲ್ಲುವುದಿಲ್ಲ. ತನ್ನ ತೂಕದ ಸೊಕ್ಕಿನಲ್ಲಿ ಸುತ್ತುತ್ತಲೇ ಇರುತ್ತದೆ. ನಾಲ್ಕನೇ ಲೇತಿನ ಚಕ್ಕು ನಿಲ್ಲಲು, ಸಮನಾಗಿ ಎಣಿಸಿದರೆ, ಮೂವತ್ತೆಂಟು ಬೇಕು. ಗಡಿಯಾರ ಹಿಡಿದು ಇಪ್ಪತ್ತು ಸಲ ಅಳೆದವನು ನಾನು. ಆದ್ದರಿಂದ ನಿಯಮ ಮಾಡಿದೆ: ಸ್ವಿಚ್ ಆರಿಸು, ಎರಡೂ ಕೈ ಬೆನ್ನ ಹಿಂದೆ ಕಟ್ಟು, ಮೂವತ್ತೆಂಟರ ತನಕ ಎಣಿಸು. ಆಮೇಲೆ ತುಂಡನ್ನು ಮುಟ್ಟು.

ಯಾರು ಪಾಲಿಸಿದರು? ದಿನಕ್ಕೆ ಎಂಬತ್ತು ತುಂಡು ಇಳಿಸಬೇಕಾದವನು ಎಂಬತ್ತು ಸಲ ಕೈ ಕಟ್ಟಿ ನಿಂತರೆ ಯಜಮಾನರು ತಮ್ಮ ಗಾಜಿನ ಕೋಣೆಯಿಂದಲೇ ಕೂಗುತ್ತಿದ್ದರು: “ಏನಯ್ಯಾ, ಫೋಟೋ ತೆಗೆಸ್ಕೊಳ್ತಾ ಇದೀಯಾ?” ಹದಿನಾರು ಜನ ಹಲ್ಲು ಕಿರಿಯುತ್ತಿದ್ದರು. ಹದಿನೇಳನೆಯವನು ನಾಚಿ ಅಂಗೈಯನ್ನು ಚಕ್ಕಿಗೆ ಒತ್ತಿ ನಿಲ್ಲಿಸುತ್ತಿದ್ದ. ಇದು ಟರ್ನರುಗಳ ಹಳೆಯ ಚಾಳಿ. ಕಾಲು ಶತಮಾನ ನಾನು ಅದರ ವಿರುದ್ಧ ಗಂಟಲು ಹರಿದುಕೊಂಡಿದ್ದೇನೆ.

ಯಾವ ಮೂಲೆಯಲ್ಲಿ ಚಪ್ ಎಂದು ಕೇಳಿಸಿದರೂ ನಾನು ನಿಂತಲ್ಲಿಂದ ಕೂಗುತ್ತಿದ್ದೆ: “ಎಷ್ಟಾಯ್ತು?”

“ಮೂವತ್ತೆಂಟು, ಮೇಸ್ತ್ರಿಗಳೇ!” ಎಲ್ಲರದೂ ಒಂದೇ ಉತ್ತರ. ಎಲ್ಲರದೂ ಸುಳ್ಳು.

ಸುಳ್ಳು ಹೇಳದವನು ಒಬ್ಬನಿದ್ದ. ನಾಲ್ಕನೇ ಲೇತಿನವನು. ಅವನಿಗೆ ಒಡಹುಟ್ಟಿದವರು ಯಾರೂ ಇರಲಿಲ್ಲ, ಆದರೆ ಕಾರ್ಖಾನೆಗೆಲ್ಲ ಅವನು ದೊಡ್ಡಣ್ಣ. “ಒಂಬತ್ತು, ಮೇಸ್ತ್ರಿಗಳೇ,” ಎನ್ನುತ್ತಿದ್ದ. ನಾನು ಬೈಯುತ್ತಿದ್ದೆ. “ಬೈರಿ,” ಎನ್ನುತ್ತಿದ್ದ, “ಆದರೆ ಈ ಲೇತಿಗೊಂದು ಬ್ರೇಕು ಹಾಕೋಕೆ ಬಿಡಿ.”

ಆ ಬ್ರೇಕನ್ನು ಅವನೇ ಮಾಡಿದ್ದ. ಪಾಳಿ ಮುಗಿದ ಮೇಲೆ, ಸ್ವಂತ ಸಮಯದಲ್ಲಿ, ಐದು ತಿಂಗಳು. ಲೇತಿನ ಬುಡದುದ್ದಕ್ಕೂ ಒಂದು ಪೆಡಲು. ಎಲ್ಲಿ ನಿಂತರೂ ಕಾಲಿಗೆ ಸಿಗುವಂಥದು. ತುಳಿದರೆ ಮೊದಲು ಮೋಟಾರಿಗೆ ಹೋಗುವ ಕರೆಂಟು ಕಡಿಯಬೇಕು. ಇನ್ನೂ ತುಳಿದರೆ ಚಕ್ಕಿನ ಜೊತೆಗೇ ಸುತ್ತುವ ಹಿಂಬದಿಯ ಡ್ರಮ್ಮನ್ನು ಒಂದು ಪಟ್ಟಿ ಬಿಗಿಯಬೇಕು. ಈ ಕ್ರಮ ತಪ್ಪಬಾರದು. ಚಕ್ಕು ನಾಲ್ಕು ಎಣಿಸುವುದರೊಳಗೆ ನಿಲ್ಲಬೇಕು, ಒಂದರಲ್ಲಿ ನಿಲ್ಲಬಾರದು. ಥಟ್ಟನೆ ಹಿಡಿದರೆ ಆ ಚಕ್ಕು ತನ್ನ ತಿರುಪು ಬಿಚ್ಚಿಕೊಂಡು ನಿಂತವನ ಕಾಲ ಮೇಲೆ ಬೀಳುತ್ತದೆ. ಅದನ್ನೂ ಅವನು ಯೋಚಿಸಿ, ಪಟ್ಟಿಗೆ ಮೆತ್ತನೆಯ ಸ್ಪ್ರಿಂಗು ಕೂಡಿಸಿದ್ದ. ನಾನು ನಕ್ಷೆ ನೋಡಿದೆ. ತಿದ್ದಲು ಏನೂ ಇರಲಿಲ್ಲ. ಹಾಗೆಂದು ನಾನು ಬೇರೆ ಯಾರ ಕೆಲಸದ ಬಗ್ಗೆಯೂ ಹೇಳಿದವನಲ್ಲ.

ಮೂರು ಸಲ ಅವನು ಯಜಮಾನರ ಮುಂದೆ ನಿಂತ. ಮೂರು ಸಲವೂ ನಾನು ಪಕ್ಕದಲ್ಲಿದ್ದೆ.

“ನಮ್ಮಪ್ಪ ತಂದ ಮಷೀನು ಅದು. ಅದಕ್ಕೆ ಒಂದು ತೂತು ಬೀಳಕೂಡದು,” ಎಂದರು ಮೊದಲ ಸಲ.

“ಒಂದು ಚಕ್ಕು ನಿಲ್ಸೋಕೆ ಕೈ ಸಾಲದೆ ಕಾಲೂ ಬೇಕೇನಯ್ಯಾ?” ಎಂದರು ಎರಡನೇ ಸಲ.

ಮೂರನೇ ಸಲ ಅವನಿಗೆ ಏನೂ ಹೇಳಲಿಲ್ಲ. ಅವನು ಹೊರಟ ಮೇಲೆ ನನ್ನ ಮುಂದೆ ಒಂದು ಗಂಟು ಇಟ್ಟರು. ಒಳಗೆ ಬಟ್ಟೆಯ ಗ್ಲೌಸುಗಳು. “ಅಂಗೈ ಉರಿಯುತ್ತೆ ಅಂತ ತಾನೇ ಇವರ ರಾಗ? ಇದನ್ನ ಹಂಚಿ, ಮೇಸ್ತ್ರಿ. ಹಾಗೇ ಆ ಎಷ್ಟಾಯ್ತು ಎಷ್ಟಾಯ್ತು ಅಂತ ಕೂಗೋದನ್ನೂ ನಿಲ್ಸಿ. ತಲೆ ಸಿಡಿಯುತ್ತೆ.”

ತಿರುಗುವ ಯಂತ್ರದ ಹತ್ತಿರ ಗ್ಲೌಸು ಹಾಕಬಾರದು. ಕೆಲಸಕ್ಕೆ ಸೇರಿದ ಮೊದಲ ದಿನ ಕಲಿಸುವ ಪಾಠ ಅದು. ಬರಿಗೈಯಾದರೆ ಚರ್ಮ ಸುಲಿದು ಬಿಡುತ್ತದೆ. ಬಟ್ಟೆಯಾದರೆ ದವಡೆ ಕಚ್ಚಿ ಒಳಗೆ ಎಳೆದುಕೊಳ್ಳುತ್ತದೆ. ಸಾವಿರ ಸಲ ನಾನೇ ಹೇಳಿಕೊಟ್ಟಿದ್ದೇನೆ. ಆ ದಿನ ಮಾತ್ರ ಬಾಯಿ ಬಿಡಲಿಲ್ಲ. ಹದಿನೇಳು ಜೊತೆ ಹಂಚಿದೆ. ಸಹಿ ಹಾಕಿಸಿಕೊಂಡು ಹಂಚಿದೆ. ಕೂಗುವುದನ್ನೂ ನಿಲ್ಲಿಸಿದೆ.

ಒಂಬತ್ತನೇ ದಿನ ನಾಲ್ಕನೇ ಲೇತಿನ ದವಡೆ ದೊಡ್ಡಣ್ಣನ ಗ್ಲೌಸನ್ನು ಕಚ್ಚಿತು. ಮೊಣಕೈಯ ಮೇಲಿನವರೆಗೆ. ಅದಾದ ಮೂರನೇ ದಿನ ಆಸ್ಪತ್ರೆಯಲ್ಲಿ ತೀರಿಹೋದ.

ವರದಿ ಬರೆಯಬೇಕಾಯಿತು. ಯಜಮಾನರು ಕುರ್ಚಿಗೆ ಒರಗಿ ಹೇಳಿದರು: “ಬರ್ಕೊಳ್ಳಿ, ಮೇಸ್ತ್ರಿ. ತಪ್ಪು ಅವನದೇ.” ನನ್ನ ಅಕ್ಷರ ದುಂಡಗಿದೆ. ದುಂಡಗೇ ಬರೆದೆ. ಕೆಳಗೆ ಸಹಿ ಮಾಡಿದೆ.

ಆ ದಿನವೇ ನಾಲ್ಕನೇ ಲೇತಿನ ಫ್ಯೂಸು ಕಿತ್ತು ತಂದು ನನ್ನ ಮನೆಯ ಮೇಜಿನ ಖಾನೆಯಲ್ಲಿ ಇಟ್ಟೆ. ನಾಲ್ಕು ತಿಂಗಳು ಆ ಯಂತ್ರ ನಿಂತೇ ಇತ್ತು. ಈಗ ಯಜಮಾನರ ಆಜ್ಞೆಯಾಗಿತ್ತು: ಸೋಮವಾರದಿಂದ ಅದನ್ನು ಓಡಿಸಬೇಕು. ಓಡಿಸುವವನು ಅರ್ಧ ನೂಲು. ಗ್ಲೌಸು ಹಾಕಿಕೊಂಡು.

“ನಂದೂ ಒಂದೇ ಜೊತೆ ಕೈ ಅಣ್ಣಾ,” ಎಂದ ಅವನು ಆ ರಾತ್ರಿ, ಲೋಟ ಕೆಳಗಿಟ್ಟು.

ಖಾನೆ ತೆರೆದು ನೋಡಿದೆ. ಫ್ಯೂಸು ಇತ್ತು.

“ಮಲಗು,” ಎಂದೆ. “ನಾಳೆ ನಾನೇ ಬರ್ತೀನಿ. ಯಾವನೋ ಕುಡುಕ ಆಟ ಆಡ್ತಿದ್ರೆ ಅವನ ಕಿವಿ ನನ್ನ ಕೈಲಿರುತ್ತೆ.”

ಶನಿವಾರ. ರಾತ್ರಿ ಹತ್ತು ಮೂವತ್ತೈದು. ಹವೆ ನಿನ್ನೆಯಂತೆಯೇ. ಹಾಜರಿದ್ದವರು ಇಬ್ಬರು. ಫ್ಯೂಸು ನನ್ನ ಅಂಗಿಯ ಜೇಬಿನಲ್ಲಿ. ಬೀಗದ ಕೈ ಸೊಂಟದಲ್ಲಿ. ಬಾವಿಯ ಮುಚ್ಚಳಕ್ಕೆ ಬೆನ್ನು ಮಾಡಿ ನಿಂತೆವು. ಅವನ ಇನ್ನೊಂದು ಚಪ್ಪಲಿ ಅಲ್ಲೇ ಬಿದ್ದಿತ್ತು.

“ಅಣ್ಣಾ...” ಪಿಸುಗುಟ್ಟಿದ. “ದೆವ್ವಕ್ಕೆ ಕರೆಂಟ್ ಬೇಡವಾ?”

“ಬಾಯಿ ಮುಚ್ಚು.”

“ಅಲ್ಲ, ಫ್ಯೂಸ್ ನಿಮ್ಮ ಜೇಬಲ್ಲಿದ್ರೆ ಅದು ಹೇಗೆ...”

ಘೂಂ...

ಅವನು ನನ್ನ ತೋಳು ಹಿಡಿದ. ಬೇರೆ ದಿನವಾದರೆ ಕೊಡವುತ್ತಿದ್ದೆ. ನನ್ನ ಕೈ ಜೇಬಿಗೆ ಹೋಯಿತು. ಫ್ಯೂಸು ಅಲ್ಲಿಯೇ ಇತ್ತು... ತಣ್ಣಗೆ.

ಕಿರ್, ಕಿರ್, ಕಿರ್. ಆಮೇಲೆ ಟಕ್. ಸದ್ದು ಇಳಿಯಿತು. ಇಬ್ಬರೂ ತುಟಿಯಲ್ಲೇ ಎಣಿಸಿದೆವು. ಏಳು... ಎಂಟು... ಒಂಬತ್ತು.

ಚಪ್.

ಸ್ರ್ರ್ರ್...

ನಮ್ಮಿಬ್ಬರ ನಡುವೆ ಒಂದು ಮೊಳದ ಜಾಗವಿತ್ತು. ಮಾತು ಅಲ್ಲಿಂದ ಬಂತು.

“ಮೇಸ್ತ್ರಿಗಳೇ... ಎಷ್ಟಾಯ್ತು?”

ದನಿ ದೊಡ್ಡಣ್ಣನದು. ಆದರೆ ಕೇಳಿದ ಬಗೆ ನನ್ನದು. ಕೊನೆಯ ಅಕ್ಷರವನ್ನು ಹೊಡೆದು ನಿಲ್ಲಿಸುವ ನನ್ನ ರೀತಿ. ನಾನು ಕೇಳುವುದನ್ನು ಬಿಟ್ಟಿದ್ದೆ. ಅವನು ನನ್ನ ಕೆಲಸವನ್ನು ಮಾಡುತ್ತಿದ್ದ.

ನನಗೆ ಭಯವಾಗಲಿಲ್ಲ. ಇದನ್ನು ಜಂಬಕ್ಕೆ ಹೇಳುತ್ತಿಲ್ಲ. ಭಯಕ್ಕೆ ಜಾಗವೇ ಇರಲಿಲ್ಲ, ಅಷ್ಟು ಕೋಪ ಬಂದಿತ್ತು. ಗಾಜಿನ ಕೋಣೆಯ ಮೇಲೆ, ಆ ಗಂಟಿನ ಮೇಲೆ, ಹಲ್ಲು ಕಿರಿದ ಹದಿನಾರು ಮುಖಗಳ ಮೇಲೆ, ನನ್ನ ದುಂಡು ಅಕ್ಷರದ ಮೇಲೆ.

ಬೀಗ ತೆಗೆದು ಒಳಗೆ ಹೋದೆ. ಟಾರ್ಚು ಬಿಟ್ಟೆ. ಮೇನ್ ಸ್ವಿಚ್ ಆರಿಸಿಯೇ ಇತ್ತು. ನಾಲ್ಕನೇ ಲೇತ್ ನಿಂತಿತ್ತು, ಮೇಲೆ ನಾಲ್ಕು ತಿಂಗಳ ಧೂಳು. ಚಕ್ಕಿನ ಅಂಚನ್ನು ಸುತ್ತಲೂ ಮುಟ್ಟಿ ನೋಡಿದೆ. ಕೊರೆಯುವಷ್ಟು ತಣ್ಣಗೆ. ಒಂದು ಕಡೆ ಮಾತ್ರ, ಅಂಗೈ ಅಗಲದಷ್ಟು, ಧೂಳಿರಲಿಲ್ಲ. ಅಲ್ಲಿ ಬೆಚ್ಚಗಿತ್ತು.

“ಬೆಂಚಿನ ಕೆಳಗೆ ಮರದ ಪೆಟ್ಟಿಗೆ ಇದೆ,” ಎಂದೆ ಅರ್ಧ ನೂಲಿಗೆ. “ಎಳಿ ಹೊರಗೆ.”

“ಈಗ್ಲಾ?”

“ಈಗ ನೋಡ್ತೀವಿ. ನಾಳೆ ಕೂರಿಸ್ತೀವಿ.”

“ಯಜಮಾನರು...”

“ನಿನ್ನ ಕೈ ಅವರ ಅಪ್ಪ ತಂದದ್ದಲ್ಲ.”

ಪೆಟ್ಟಿಗೆಯಲ್ಲಿ ಎಲ್ಲವೂ ಎಣ್ಣೆ ಕಾಗದದಲ್ಲಿ ಸುತ್ತಿ ಇಟ್ಟಿತ್ತು. ಪೆಡಲು, ಎರಡು ತೋಳು, ಕೂಡುಕಂಬಿ, ಪಟ್ಟಿ, ಸ್ಪ್ರಿಂಗು, ಕರೆಂಟು ಕಡಿಯುವ ಸ್ವಿಚ್ಚು. ಒಂದೊಂದರ ಮೇಲೂ ದೊಡ್ಡಣ್ಣನ ಕೈಬರಹದ ಚೀಟಿ. ಬೋಲ್ಟುಗಳು ಎಂಟು; ಒಂದು ಕಳೆದುಹೋದರೆ ಬೇಕೆಂದು ಒಂಬತ್ತನೆಯದು.

ಭಾನುವಾರ ಬೆಳಿಗ್ಗೆ ಆರರಿಂದ ಸಂಜೆ ಏಳರವರೆಗೆ ನಾವಿಬ್ಬರೇ. ಮೊದಲು ಲೇತಿನ ಕಾಲುಗಳ ಮೇಲೆ ತೂತಿನ ಜಾಗ ಗುರುತಿಸಬೇಕಿತ್ತು. ಹಳೆಯ ಬಣ್ಣ ಕೆರೆದೆ. ಕೆಳಗೆ ಪಂಚಿನ ಚುಕ್ಕೆಗಳು ಸಿಕ್ಕವು. ನಾಲ್ಕು. ಬದುಕಿದ್ದಾಗಲೇ ಅವನು ಗುರುತು ಹಾಕಿ, ಅನುಮತಿ ಸಿಗದೆ, ಮೇಲೆ ಬಣ್ಣ ಬಳಿದಿದ್ದ. ಅಳತೆ ಹಿಡಿದು ನೋಡಿದೆ. ಕೂದಲೆಳೆಯ ವ್ಯತ್ಯಾಸವಿರಲಿಲ್ಲ.

ಡ್ರಿಲ್ಲು ಕೊರೆಯುವಾಗ ಅರ್ಧ ನೂಲು ಎರಡು ಸಲ ಹಿಂದೆ ತಿರುಗಿ ನೋಡಿದ.

“ಯಾರನ್ನ ನೋಡ್ತಿದೀಯ?”

“ಯಾರೋ ನಿಂತು ನೋಡ್ತಿರೋ ಹಾಗೆ...”

“ನೋಡ್ಲಿ. ಅವನ ಕೆಲಸ. ನೀನು ಡ್ರಿಲ್ಲು ನೆಟ್ಟಗೆ ಹಿಡಿ.”

ಸಂಜೆ ಫ್ಯೂಸು ಹಾಕಿ ಓಡಿಸಿದೆವು. ಪೆಡಲು ತುಳಿದೆ. ಕ್ಲಿಕ್... ಕರೆಂಟು ಹೋಯಿತು. ಸ್ಸ್ಸ್... ಪಟ್ಟಿ ಹಿಡಿಯಿತು. ಒಂದು, ಎರಡು, ಮೂರು, ನಾಲ್ಕು. ನಿಂತಿತು. ಹತ್ತು ಸಲ ಮಾಡಿದೆವು. ಹತ್ತು ಸಲವೂ ನಾಲ್ಕು. ಅರ್ಧ ನೂಲು ಅಳುತ್ತಿದ್ದ. ಬೈಯಲಿಲ್ಲ.

ಪೆಡಲಿಗೆ ಹಸಿರು ಬಣ್ಣದ ಮೊದಲ ಕೋಟು ಆಗಲೇ ಹೊಡೆದೆ. ಎರಡನೇ ಕೋಟು ಸೋಮವಾರ ಬೆಳಿಗ್ಗೆ ಆರಕ್ಕೆ ಒಬ್ಬನೇ ಹೋಗಿ ಹೊಡೆದೆ. ಎಂಟಕ್ಕೆ ಹದಿನಾರು ಜನ ಬಂದರು. ಸಾಲಾಗಿ ನಿಲ್ಲಿಸಿ ಹೇಳಿದೆ: “ಬಣ್ಣ ಹಸಿ ಇದೆ. ಮಧ್ಯಾಹ್ನದ ತನಕ ಯಾರೂ ತುಳಿಯಕೂಡದು.”

ಎಂಟೂವರೆಗೆ ಯಜಮಾನರು ಬಂದರು. ಹೊಳೆಯುವ ತೋಳಿನ ಅಂಗಿ. ನೇರವಾಗಿ ನಾಲ್ಕನೇ ಲೇತಿನ ಮುಂದೆ ನಿಂತರು.

“ಯಾರು ತೂತು ಹೊಡ್ದೋರು?”

“ನಾನು,” ಎಂದೆ.

“ನಮ್ಮಪ್ಪ ತಂದ ಮಷೀನು ಅಂತ ಹೇಳಿದ್ದೆ.”

“ಹೇಳಿದ್ರಿ.”

“ಬಿಚ್ಚಿ ಇದನ್ನ. ಈಗಲೇ.”

“ಬಿಚ್ಚೋದಿಲ್ಲ.”

ಮೂವತ್ತು ವರ್ಷದಲ್ಲಿ ನಾನು ಅವರಿಗೆ ಇಲ್ಲ ಎಂದದ್ದು ಅದೇ ಮೊದಲು.

ಅವರ ಮುಖ ಕೆಂಪಾಯಿತು. “ಒಬ್ಬ ಸೋಮಾರಿ ನೋಡದೆ ಕೈ ಕೊಟ್ಟ ಅಂತ ನೀವೆಲ್ಲ ಸೇರಿ ನಾಟಕ ಆಡ್ತೀರಾ? ಎಲ್ಲಿ, ಗ್ಲೌಸ್ ಕೊಡಯ್ಯಾ. ಹೇಗೆ ನಿಲ್ಸಬೇಕು ಅಂತ ನಾನು ತೋರಿಸ್ತೀನಿ.”

ಅರ್ಧ ನೂಲಿನ ಕೈಯಿಂದ ಗ್ಲೌಸು ಕಿತ್ತುಕೊಂಡು ಹಾಕಿಕೊಂಡರು. “ಬೇಡ,” ಎಂದೆ. ಕೇಳಲಿಲ್ಲ. ಸ್ವಿಚ್ ಒತ್ತಿದರು. ಘೂಂ... ಚಕ್ಕು ಪೂರ್ತಿ ವೇಗಕ್ಕೆ ಬಂತು. ಟಕ್. ಆರಿಸಿದರು. ಹದಿನಾರು ಜನ ಲೇತಿನಿಂದ ದೂರಕ್ಕೆ ನೆಲದಲ್ಲಿ ಎಳೆದ ಹಳದಿ ಗೆರೆಯ ಹಿಂದಿದ್ದರು, ಕೈಗಳು ಬೆನ್ನ ಹಿಂದೆ. ಯಾರೂ ಹೇಳಿರಲಿಲ್ಲ, ತಾವಾಗಿಯೇ ಕಟ್ಟಿಕೊಂಡಿದ್ದರು. ನಾನು ಯಜಮಾನರಿಂದ ಮೂರು ಹೆಜ್ಜೆ ದೂರ. ಅವರು ಗ್ಲೌಸಿನ ಕೈ ಚಾಚಿದರು. ಬಟ್ಟೆಯ ತುದಿಗೂ ದವಡೆಗೂ ಒಂದು ಗೇಣು. ಆಮೇಲೆ ನಾಲ್ಕು ಬೆರಳು.

ಕ್ಲಿಕ್.

ಪೆಡಲು ಕೆಳಗೆ ಹೋಯಿತು.

ಸ್ಸ್ಸ್... ಪಟ್ಟಿ ಹಿಡಿಯಿತು. ಅವರು ಬೆಚ್ಚಿ ಕೈ ಹಿಂದಕ್ಕೆಳೆದುಕೊಂಡರು. ಆದರೂ ಗ್ಲೌಸಿನ ತುದಿ ದವಡೆಗೆ ತಗುಲಿತು, ದವಡೆ ಕಚ್ಚಿತು, ಆದರೆ ಎಳೆಯುವಷ್ಟು ಬಲ ಚಕ್ಕಿನಲ್ಲಿ ಉಳಿದಿರಲಿಲ್ಲ. ನಿಂತಿತು. ಗ್ಲೌಸು ದವಡೆಯಲ್ಲಿ ನೇತಾಡುತ್ತಿತ್ತು. ಕೈ ಅವರ ಬಳಿಯೇ ಇತ್ತು, ಐದು ಬೆರಳುಗಳೊಂದಿಗೆ.

ಪೆಡಲು ಇನ್ನೂ ಕೆಳಗಿತ್ತು. ಎಲ್ಲರೂ ನೋಡುತ್ತಿದ್ದಂತೆ ಮೆಲ್ಲಗೆ ಮೇಲೆ ಬಂತು... ಯಾರೋ ಕಾಲನ್ನು ಎಚ್ಚರದಿಂದ ಎತ್ತಿದ ಹಾಗೆ.

ನಾನಾಗಿದ್ದರೆ ತುಳಿಯುತ್ತಿರಲಿಲ್ಲ. ಸತ್ಯ ಹೇಳುತ್ತಿದ್ದೇನೆ. ಆ ಮೂರು ಹೆಜ್ಜೆ ದಾಟಲು ನನಗೆ ಸಮಯವಿತ್ತು. ನಾನು ದಾಟಲಿಲ್ಲ.

“ನಾಲ್ಕು,” ಎಂದರು ಯಜಮಾನರು.

ನನ್ನ ಕಡೆ ನೋಡಿ, ಉತ್ತರ ಕೊಡುವವರಂತೆ ಹೇಳಿದರು. ನಾನು ಏನನ್ನೂ ಕೇಳಿರಲಿಲ್ಲ.

ಮುಂದಿನದು ತಪಾಸಣೆ. ಪೆಡಲಿನ ಹಸಿ ಬಣ್ಣದ ಮೇಲೆ ಒಂದು ಕಡೆ ಬೂಟಿನ ಮುಂದಿನ ಅಡಿ ಒತ್ತಿದ ಗುರುತಿತ್ತು. ಬಾಗಿಲು ಹಾಕಿಸಿದೆ. ಹದಿನಾರು ಜನರ ಬೂಟುಗಳನ್ನು ಒಂದೊಂದಾಗಿ ತಿರುಗಿಸಿ ನೋಡಿದೆ. ಮೂವತ್ತೆರಡು ಅಡಿ, ಬಣ್ಣವಿಲ್ಲ. ನನ್ನವನ್ನು ಅರ್ಧ ನೂಲಿಗೆ ತೋರಿಸಿದೆ, ಬಣ್ಣವಿಲ್ಲ. “ನಿಮ್ಮದೂ ತಿರುಗಿಸಿ,” ಎಂದೆ ಯಜಮಾನರಿಗೆ. ತಿರುಗಿಸಿದರು. ಬಣ್ಣವಿಲ್ಲ.

ಉಳಿದದ್ದು ಕೆಲಸಗಾರರು ಬೂಟು ಬಟ್ಟೆ ಇಡುವ ಕಪಾಟುಗಳಲ್ಲಿ ನಾಲ್ಕನೆಯದು. ದೊಡ್ಡಣ್ಣನದು. ಅವನ ಹೆಂಡತಿ ಅವನ ಸಾಮಾನು ಒಯ್ಯಲು ಬಂದಿರಲಿಲ್ಲ. ಬೀಗ ನಾನೇ ಹಾಕಿದ್ದು, ಕೀಲಿಯೂ ನನ್ನ ಗೊಂಚಲಿನಲ್ಲೇ. ತೆರೆದೆ. ಜೇಡರ ಬಲೆ ಹರಿಯಿತು. ಬೂಟುಗಳು ಜೋಡಿಸಿಟ್ಟ ಹಾಗೆಯೇ ಇದ್ದವು. ಎಡಗಾಲಿನದನ್ನು ತಿರುಗಿಸಿದೆ. ಧೂಳು. ಬಲಗಾಲಿನದನ್ನು ತಿರುಗಿಸಿದೆ.

ಮುಂದಿನ ಅಡಿಯಲ್ಲಿ ಹಸಿರು ಬಣ್ಣವಿತ್ತು. ಬೆರಳಿಟ್ಟೆ. ಅಂಟಿಕೊಂಡಿತು.

ಹೇಗೆ ಎಂದು ನನ್ನನ್ನು ಕೇಳಬೇಡಿ. ನನಗೆ ಗೊತ್ತಿಲ್ಲದ್ದನ್ನು ನಾನು ಹೇಳುವುದಿಲ್ಲ, ನಡೆಯದ್ದನ್ನೂ ಹೇಳುವುದಿಲ್ಲ. ಆ ಬೂಟು ಈಗಲೂ ನನ್ನ ಬಳಿ ಇದೆ. ಬಣ್ಣ ಒಣಗಿದೆ.

ಯಜಮಾನರು ಬೂಟನ್ನು ನನ್ನ ಕೈಯಿಂದ ತೆಗೆದುಕೊಂಡು ಬಹಳ ಹೊತ್ತು ನೋಡಿದರು. ಆಮೇಲೆ ಎಲ್ಲರಿಗೂ ಕೇಳಿಸುವ ಹಾಗೆ ಹೇಳಿದರು.

“ಬರ್ಕೊಳ್ಳಿ, ಮೇಸ್ತ್ರಿ. ತಪ್ಪು ಅವನದಲ್ಲ.”

ನಾಲ್ಕು ತಿಂಗಳ ಹಿಂದೆ ಬರೆದ ಅದೇ ಪುಸ್ತಕ ತಂದೆ. ಪೆನ್ನು ತೆಗೆದೆ. ಮೊದಲಿನ ದನಿಯಲ್ಲೇ, ಇಡೀ ಕಾರ್ಖಾನೆಗೆ ಕೇಳುವ ಹಾಗೆ ಕೂಗಿದೆ: “ಮತ್ತೆ ಯಾರದು?”

ಅವರು ದವಡೆಯಲ್ಲಿ ನೇತಾಡುತ್ತಿದ್ದ ಗ್ಲೌಸನ್ನು ನೋಡಿದರು. ಆಮೇಲೆ ನನ್ನನ್ನು ನೋಡಿದರು.

“ಕೊಡ್ಸಿದ್ದು ನಾನು, ಹಂಚಿದ್ದು ನೀವು. ಇಬ್ಬರ ಹೆಸರೂ ಬರ್ಕೊಳ್ಳಿ.”